ಹಳೆಯ ಸ್ಟೀರಿಯೋಗೆ ಹೊಸ ನಾದವಾಹಿನಿ

ಸಂಗೀತವನ್ನು ಮನೆಗೆ ತರುವ ಸಾಧನಗಳು ಕಾಲಕಾಲಕ್ಕೆ ಮಾರ್ಪಟ್ಟಿವೆ. ಗ್ರಾಮಫೋನ್ ತಟ್ಟೆ, ರೇಡಿಯೋ, ಸುರುಳಿ ಟೇಪು, ಕ್ಯಾಸೆಟ್ಟು, ಸಿ.ಡಿ. ಎಂದು ಒಂದರ ಬೆನ್ನಿಗೆ ಒಂದು ಬಂದು, ತಂತಮ್ಮ ಸರದಿಯನ್ನು ಮುಗಿಸಿ, ಬಹುಮಟ್ಟಿಗೆ ಅಟ್ಟವನ್ನು ಸೇರಿವೆ. ಆದರೆ ಈ ಪರಂಪರೆಯ ನಡುವೆ ಪಡಸಾಲೆಯ ಮೂಲೆಯಲ್ಲಿ ಒಂದು ವಸ್ತು ಮಾತ್ರ ಕದಲದೆ ಕುಳಿತಿದೆ. ಅದು ಆಂಪ್ಲಿಫೈಯರ್ ಮತ್ತು ಅದರ ಎಡಬಲದ ಎರಡು ಸ್ಪೀಕರುಗಳು. 1980ರ ದಶಕದಲ್ಲಿ ಭವಿಷ್ಯನಿಧಿಯ ಹಣದಿಂದಲೋ ಕಂತಿನ ಮೇಲೋ ಕೊಂಡ ಅಂಥ ಸೆಟ್ಟುಗಳು ಇಂದಿಗೂ ಅನೇಕ ಮನೆಗಳಲ್ಲಿವೆ. ಧೂಳು ಒರೆಸಿ ವಿದ್ಯುತ್ತನ್ನು ಕೊಟ್ಟರೆ ಹಾಡಲು ಸಿದ್ಧವಾಗಿವೆ. ಹಾಡಿಸುವುದಕ್ಕೆ ಹಾಡೇ ಇಲ್ಲದಿರುವುದು ಅವುಗಳ ಇಂದಿನ ಕೊರತೆ. ಹಾಡುಗಳೆಲ್ಲ ಈಗ ಅಂಗೈಯಗಲದ ಮೊಬೈಲ್ ಫೋನನ್ನು ಹೊಕ್ಕಿವೆ. ಅದರ ಕಿರಿದಾದ ಬಾಯಿಯಿಂದ ತಂಬೂರಿಯ ಶ್ರುತಿಯು ಸೊಳ್ಳೆಯ ಗುಂಜಾರವದಂತೆ ಹೊರಬೀಳುತ್ತದೆ. ತಬಲದ ಎಡಗೈ ಕೇಳಿಸುವುದೇ ಇಲ್ಲ. ಆ ಫೋನಿನ ಸಂಗೀತವನ್ನು ಈ ಸ್ಪೀಕರುಗಳಿಗೆ ತಲುಪಿಸುವ ಸೇತುವೆ ಯಾವುದು, ಅದನ್ನು ಆರಿಸುವ ಬಗೆ ಹೇಗೆ ಎಂಬುದೇ ಪ್ರಕೃತ ಲೇಖನದ ವಿಚಾರ.

ಮೊದಲು ಶಬ್ದಾರ್ಥವನ್ನು ನೋಡಬಹುದು. ಇಂಗ್ಲಿಷಿನಲ್ಲಿ ಸ್ಟ್ರೀಮಿಂಗ್ ಎಂಬುದಕ್ಕೆ ಪ್ರವಾಹ ಎಂದರ್ಥ. ಕೆರೆಯ ನೀರನ್ನು ಕೊಡದಲ್ಲಿ ತಂದಿಟ್ಟುಕೊಂಡು ಬಳಸುವುದು ಒಂದು ಕ್ರಮ. ಕಾಲುವೆಯಲ್ಲಿ ಹರಿದು ಬಂದಂತೆ ಬಂದಂತೆ ಬಳಸುವುದು ಇನ್ನೊಂದು ಕ್ರಮ. ಕ್ಯಾಸೆಟ್ಟು ಸಿ.ಡಿ.ಗಳು ಕೊಡಗಳು. ಅಂತರಜಾಲದಿಂದ ಬರುವ ಹಾಡಾದರೋ ಕಾಲುವೆಯ ನೀರು. ಅದು ಪೂರ್ತಿಯಾಗಿ ಬಂದು ಸೇರುವ ಮುನ್ನವೇ ಕೇಳಿಸತೊಡಗುತ್ತದೆ. ನಡುವೆ ಹರಿವು ಒಮ್ಮೆ ತಗ್ಗಿದರೆ ಹಾಡು ಕಡಿಯದಿರಲೆಂದು ಕೆಲವು ಕ್ಷಣಗಳಿಗೆ ಸಾಲುವಷ್ಟನ್ನು ಒಂದು ಪುಟ್ಟ ತೊಟ್ಟಿಯಲ್ಲಿ ಸಾಧನವು ಸದಾ ತುಂಬಿಟ್ಟುಕೊಂಡಿರುತ್ತದೆ. ಹಾಡು ಆರಂಭವಾಗುವ ಮುನ್ನ ತುಸು ತಡವಾಗುವುದು ಈ ತೊಟ್ಟಿಯನ್ನು ತುಂಬುವುದಕ್ಕಾಗಿಯೇ.

ಈ ಹರಿವಿನಲ್ಲಿ ಬರುವುದು ಧ್ವನಿಯಲ್ಲ, ಅಂಕಿಗಳು. ಗಾಳಿಯಲ್ಲಿ ಹುಟ್ಟುವ ನಾದದ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದಾಗಿ ಬರೆದಿಡುವುದು 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಪದ್ಧತಿ. ಎಡ ಬಲ ಎರಡೂ ಕಿವಿಗಳ ಪಾಲನ್ನು ಕೂಡಿಸಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ಟುಗಳಾಗುತ್ತವೆ. ಒಂದು ಗಂಟೆಯ ಗಾಯನಕ್ಕೆ ಹೆಚ್ಚು ಕಡಿಮೆ 635 ಮೆಗಾಬೈಟು. ಅಲೆಯನ್ನು ಅದರ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆದರೆ ಆ ಅಲೆಯನ್ನು ಮತ್ತೆ ಯಥಾವತ್ತಾಗಿ ಕಟ್ಟಬಹುದೆಂಬ ಗಣಿತವು ನೈಕ್ವಿಸ್ಟ್ ಮತ್ತು ಶಾನನ್ ಎಂಬ ವಿದ್ವಾಂಸರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಮನುಷ್ಯನ ಕಿವಿಯ ಮೇಲಣ ಮಿತಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳಾದ್ದರಿಂದ 44,100 ಎಂಬ ಸಂಖ್ಯೆಯು ಸಾಕಷ್ಟು ಉದಾರವಾದುದೇ ಸರಿ. ಇತ್ತೀಚೆಗೆ 96,000, 192,000 ಎಂಬ ಅಂಕಿಗಳನ್ನು ಡಬ್ಬಿಯ ಮೇಲೆ ಮುದ್ರಿಸಿ ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ. ವಯಸ್ಸಾದಂತೆ ಕಿವಿಯ ಮೇಲಣ ಮಿತಿಯು ಇನ್ನಷ್ಟು ಕೆಳಗಿಳಿಯುವುದರಿಂದ, ಅಂಥ ಅಂಕಿಗಳಿಗಾಗಿ ಹಣ ತೆರುವ ನಿವೃತ್ತರು ಮನೆಯ ಸೂರಿನ ಬಾವಲಿಗಳಿಗೆ ಉಪಕಾರ ಮಾಡಿದಂತಾದೀತು.

ಅಂಕಿಗಳ ಗಾತ್ರವನ್ನು ಕುಗ್ಗಿಸುವ ಎರಡು ಮಾರ್ಗಗಳ ಭೇದವನ್ನು ಮಾತ್ರ ಚೆನ್ನಾಗಿ ಅರಿತಿರಬೇಕು. ದೊಡ್ಡ ಗ್ರಂಥವೊಂದನ್ನು ಸಂಗ್ರಹಿಸಿ ಬರೆಯುವಾಗ ಸಂಗ್ರಹಕಾರನು ಮುಖ್ಯವಲ್ಲವೆಂದು ತನಗೆ ತೋರಿದ ಪದ್ಯಗಳನ್ನು ಬಿಡುತ್ತಾನೆ. ಸಂಗ್ರಹವು ಎಷ್ಟೇ ಸೊಗಸಾಗಿದ್ದರೂ ಅದರಿಂದ ಮೂಲ ಗ್ರಂಥವನ್ನು ಮರಳಿ ಪಡೆಯಲಾಗದು. ಎಂ.ಪಿ.3 ಮುಂತಾದುವು ಈ ಜಾತಿಯವು. ಕಿವಿಗೆ ಕೇಳಿಸಲಾರದೆಂದು ಎಣಿಸಿದ ಅಂಶಗಳನ್ನು ಕೈಬಿಡುತ್ತವೆ. ಲಿಪಿಕಾರನು ಓಲೆಗರಿಯನ್ನು ಉಳಿಸಲೆಂದು ಪದೇ ಪದೇ ಬರುವ ಮಾತಿಗೆ ಒಂದು ಗುರುತನ್ನು ಹಾಕಿ ಮುಂದುವರಿಯುವುದೂ ಉಂಟು. ಓದುವವನು ಆ ಗುರುತನ್ನು ಬಿಡಿಸಿದರೆ ಒಂದಕ್ಷರವೂ ಲೋಪವಾಗದೆ ಮೂಲ ಪಾಠವು ದೊರೆಯುತ್ತದೆ. 2001ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಫ್ಲ್ಯಾಕ್ ಎಂಬುದು ಈ ಎರಡನೆಯ ಜಾತಿಯದು. ಗಾತ್ರವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಾದದಲ್ಲಿ ಏನೂ ಕಳೆಯುವುದಿಲ್ಲ. ಕೇಳುವುದಕ್ಕಷ್ಟೇ ಆದರೆ ಸೆಕೆಂಡಿಗೆ 320 ಕಿಲೋಬಿಟ್ಟಿನ ಎಂ.ಪಿ.3 ಕೂಡ ತೃಪ್ತಿಕರವಾದುದೇ. ಆದರೆ ಸಂಗ್ರಹದಿಂದ ಮತ್ತೊಂದು ಸಂಗ್ರಹವನ್ನು, ಅದರಿಂದ ಇನ್ನೊಂದನ್ನು ಮಾಡುತ್ತ ಹೋದರೆ ಕತೆಯ ಎಲುಬು ಮಾತ್ರ ಉಳಿಯುವಂತೆ, ಕುಗ್ಗಿಸಿದುದನ್ನೇ ಮತ್ತೆ ಮತ್ತೆ ಕುಗ್ಗಿಸಿದಾಗ ತಂಬೂರಿಯ ತಂತಿಗಳ ಸುತ್ತ ಹರಡಿಕೊಳ್ಳುವ ಸೂಕ್ಷ್ಮ ಸ್ವರಗಳು ಮೊದಲು ಮಂಕಾಗುತ್ತವೆ.

ಇನ್ನು ಸಾಧನಕ್ಕೆ ಬರಬಹುದು. ಅಂಗಡಿಗೆ ಹೋಗುವ ಮುನ್ನ ಆಂಪ್ಲಿಫೈಯರನ್ನು ಗೋಡೆಯಿಂದ ಈಚೆಗೆ ಎಳೆದು, ಟಾರ್ಚು ಹಿಡಿದು ಅದರ ಬೆನ್ನನ್ನು ಪರೀಕ್ಷಿಸುವುದು ಅವಶ್ಯ. ಅಲ್ಲಿ ಕೆಂಪು ಬಿಳಿ ಬಣ್ಣದ ದುಂಡನೆಯ ತೂತುಗಳ ಜೋಡಿಗಳಿದ್ದರೆ ಕೆಲಸವು ಸುಲಭ. ಆಕ್ಸ್, ಟ್ಯೂನರ್, ಸಿ.ಡಿ., ಟೇಪ್ ಇನ್ ಎಂದು ಬರೆದಿರುವ ಯಾವ ಜೋಡಿಗಾದರೂ ಹೊಸ ಸಾಧನವನ್ನು ಸೇರಿಸಬಹುದು. ಫೋನೋ ಎಂದು ಬರೆದಿರುವಲ್ಲಿಗೆ ಮಾತ್ರ ಕೂಡದು. ಅದು ಗ್ರಾಮಫೋನ್ ತಟ್ಟೆಯ ಮುಳ್ಳಿನಿಂದ ಬರುವ ಅತಿ ಕ್ಷೀಣವಾದ ಸಂಕೇತವನ್ನು ಅನೇಕ ಪಟ್ಟು ಹಿಗ್ಗಿಸಿ, ಅದರ ಮಂದ್ರ ತಾರಗಳನ್ನು ಸರಿದೂಗಿಸುವುದಕ್ಕಾಗಿಯೇ ಇರುವ ದ್ವಾರ. ಅಲ್ಲಿಗೆ ಸೇರಿಸಿದರೆ ಧ್ವನಿಯು ಒಡೆದು ಕರ್ಕಶವಾಗುತ್ತದೆ. ಟೇಪ್ ಔಟ್ ಎಂಬುದು ಒಳಗಿನದನ್ನು ಹೊರಕ್ಕೆ ಕಳಿಸುವ ಬಾಗಿಲು. ಅಲ್ಲಿಗೆ ಸೇರಿಸಿದರೆ ಏನೂ ಕೇಳಿಸದು. ಕೆಲವು ಹಳೆಯ ಸೆಟ್ಟುಗಳಲ್ಲಿ ದುಂಡು ತೂತುಗಳ ಬದಲು ಐದು ಕಡ್ಡಿಗಳ ಡಿನ್ ಎಂಬ ಸಂಧಿಯುಂಟು. ಅದನ್ನು ಕೆಂಪು ಬಿಳಿಗೆ ತಿರುಗಿಸುವ ತಂತಿಗಳು ಇಂದಿಗೂ ದೊರೆಯುತ್ತವೆಯಾದ್ದರಿಂದ ಸೆಟ್ಟು ಹಳತಾಯಿತೆಂದು ಗುಜರಿಗೆ ಹಾಕುವ ಕಾರಣವಿಲ್ಲ.

ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯಾಗಿ ತಿರುಗಿಸುವ ಅಂಗಕ್ಕೆ ಡ್ಯಾಕ್ ಎಂದು ಹೆಸರು. ಅಕ್ಷರಗಳನ್ನು ಕಂಡು ಉಚ್ಚರಿಸುವ ವಾಚಕನ ಕೆಲಸ ಅದರದು. ಇಂದಿನ ಸಾಧನಗಳಲ್ಲಿ ಅದು ಒಳಗೇ ಇರುತ್ತದೆ. ಅದನ್ನೇ ಬೇರೆಯಾಗಿ, ದುಬಾರಿಯಾಗಿ ಕೊಳ್ಳಬೇಕೆಂಬ ಉಪದೇಶವು ಬಹಳವಾಗಿ ಪ್ರಚಾರದಲ್ಲಿದೆ. ಸ್ಪೀಕರಿನ ರಬ್ಬರು ಅಂಚು ಹರಿದಿರುವಾಗ ಡ್ಯಾಕಿಗೆ ಹಣ ಸುರಿಯುವುದು ಸೂರು ಸೋರುವ ಮನೆಗೆ ಸುಣ್ಣ ಬಳಿದಂತೆ. ಮೊದಲು ಸ್ಪೀಕರು, ಅನಂತರ ಮಿಕ್ಕದ್ದು.

ಫೋನಿನಿಂದ ಸೆಟ್ಟಿಗೆ ಹೋಗುವ ದಾರಿಗಳು ಮುಖ್ಯವಾಗಿ ಎರಡು: ಬ್ಲೂಟೂತ್ ಮತ್ತು ವೈ-ಫೈ. ಹೆಸರುಗಳು ಎಲ್ಲರಿಗೂ ಪರಿಚಿತವಾದರೂ ಇವುಗಳ ಸ್ವಭಾವದಲ್ಲಿರುವ ಅಂತರವು ಬಹಳ ಮಂದಿಗೆ ತಿಳಿಯದು.

ಬ್ಲೂಟೂತಿನಲ್ಲಿ ಹಾಡು ಫೋನಿನ ಮೂಲಕವೇ ಹಾದು ಬರುತ್ತದೆ. ಫೋನು ಅಂತರಜಾಲದಿಂದ ಹಾಡನ್ನು ಪಡೆದು, ಬಿಡಿಸಿ, ಮತ್ತೊಮ್ಮೆ ಕುಗ್ಗಿಸಿ, ಸುಮಾರು ಹತ್ತು ಮೀಟರಿನ ಅಳವಿನಲ್ಲಿರುವ ಪುಟ್ಟ ಗ್ರಾಹಕಕ್ಕೆ ಕಳಿಸುತ್ತದೆ. ಸಂಗ್ರಹದ ಸಂಗ್ರಹವೆಂದು ಮೇಲೆ ಹೇಳಿದ ದೋಷಕ್ಕೆ ಇಲ್ಲಿ ಎಡೆಯುಂಟು. ಎಲ್ಲ ಬ್ಲೂಟೂತ್ ಸಂಗೀತ ಸಾಧನಗಳಲ್ಲೂ ಕಡ್ಡಾಯವಾಗಿ ಇರುವ ಎಸ್.ಬಿ.ಸಿ. ಎಂಬ ಕುಗ್ಗಿಸುವ ಕ್ರಮವು ಉತ್ತಮ ಸ್ಥಿತಿಯಲ್ಲಿ ಸೆಕೆಂಡಿಗೆ 328 ಕಿಲೋಬಿಟ್ಟುಗಳನ್ನು ಸಾಗಿಸುತ್ತದೆ. ಸೋನಿ ಸಂಸ್ಥೆಯ ಎಲ್‌ಡ್ಯಾಕ್ ಎಂಬುದು 990ರವರೆಗೆ ಏರಬಲ್ಲುದಾದರೂ ಅದು ಎರಡು ತುದಿಗಳಲ್ಲಿಯೂ ಇರಬೇಕು. ಐಫೋನುಗಳಲ್ಲಿ ಅದು ಇಲ್ಲ. ಶ್ರವಣದ ದೃಷ್ಟಿಯಿಂದ ಇದು ದೊಡ್ಡ ಕೊರತೆಯೆಂದು ಹೇಳಲಾಗದು. ದೊಡ್ಡ ಕೊರತೆಯಿರುವುದು ಬಳಕೆಯಲ್ಲಿ. ಫೋನಿಗೆ ಕರೆ ಬಂದೊಡನೆ ಆಲಾಪವು ನಿಂತುಹೋಗುತ್ತದೆ. ಬಂದ ಪ್ರತಿಯೊಂದು ಸಂದೇಶದ ಟಿಂಗೆಂಬ ನಾದವೂ ಎರಡು ಸ್ಪೀಕರುಗಳಲ್ಲಿ ಮೊಳಗುತ್ತದೆ. ಫೋನಿನ ಒಡೆಯನು ಹಾಲು ತರಲು ಹೊರಟನೆಂದರೆ ಸಂಗೀತವೂ ಅವನ ಜೊತೆ ಹೊರಟಿತು. ಹೀಗಿದ್ದರೂ ಒಂದೆರಡು ಸಾವಿರ ರೂಪಾಯಿಯೊಳಗೆ ದೊರೆಯುವ, ಅಂತರಜಾಲದ ಜಂಜಾಟವಿಲ್ಲದ, ಯಾರ ಫೋನಿಗಾದರೂ ಒಗ್ಗುವ ಈ ಗ್ರಾಹಕವನ್ನು ತುಚ್ಛವಾಗಿ ಕಾಣಬಾರದು. ಮೊದಲ ಹೆಜ್ಜೆಯಾಗಿ ಇದನ್ನು ಕೊಂಡು ಆರು ತಿಂಗಳು ಕೇಳಿದ ಮನೆಯವರಿಗೆ ತಮಗೆ ಮುಂದೆ ಬೇಕಾದುದೇನೆಂಬುದು ತಾನಾಗಿಯೇ ತಿಳಿಯುತ್ತದೆ.

ವೈ-ಫೈ ಮಾರ್ಗದಲ್ಲಿ ಫೋನು ಹಾಡನ್ನು ಹೊರುವುದಿಲ್ಲ. ಇಂಥ ಹಾಡನ್ನು ತಾ ಎಂದು ಅಪ್ಪಣೆಯನ್ನು ಮಾತ್ರ ಕೊಡುತ್ತದೆ. ಸ್ಟ್ರೀಮರ್ ಎಂಬ ಸಾಧನವು ಮನೆಯ ರೌಟರಿನ ಮೂಲಕ ತಾನೇ ಅಂತರಜಾಲಕ್ಕೆ ಹೋಗಿ ಹಾಡನ್ನು ತರುತ್ತದೆ. ಅಪ್ಪಣೆ ಕೊಟ್ಟ ಮೇಲೆ ಫೋನನ್ನು ಆರಿಸಿಟ್ಟರೂ ಸಾಮಾನ್ಯವಾಗಿ ಹಾಡು ನಡೆಯುತ್ತಲೇ ಇರುತ್ತದೆ. ಗೂಗಲ್ ಕಾಸ್ಟ್, ಸ್ಪಾಟಿಫೈ ಕನೆಕ್ಟ್ ಎಂಬುವು ಈ ಕ್ರಮವನ್ನು ಅನುಸರಿಸುತ್ತವೆ. ಆಪಲ್ ಸಂಸ್ಥೆಯ ಏರ್‌ಪ್ಲೇ ಎಂಬುದು ವೈ-ಫೈಯಲ್ಲೇ ನಡೆದರೂ ಅದರಲ್ಲಿ ಹಾಡು ಸಾಮಾನ್ಯವಾಗಿ ಫೋನಿನಿಂದಲೇ ಹೊರಡುತ್ತದೆಂಬುದನ್ನು ನೆನಪಿಡಬೇಕು. ಮತ್ತೆ ಕುಗ್ಗಿಸುವ ಅಗತ್ಯವಿಲ್ಲದ್ದರಿಂದ ವೈ-ಫೈಯಲ್ಲಿ ನಾದವು ಮೂಲದಲ್ಲಿದ್ದಂತೆಯೇ ತಲುಪುತ್ತದೆ. ಆದರೆ ಕಲ್ಲು ಮಣ್ಣಿನ ಎರಡು ಮೊಳದ ಗೋಡೆಗಳುಳ್ಳ ಹಳೆಯ ಮನೆಗಳಲ್ಲಿ ವೈ-ಫೈಯು ಒಳಮನೆಯನ್ನು ಮುಟ್ಟುವುದೇ ಕಷ್ಟ. 2.4 ಗಿಗಾಹರ್ಟ್ಸಿನ ಅಲೆಯು 5 ಗಿಗಾಹರ್ಟ್ಸಿನದಕ್ಕಿಂತ ಗೋಡೆಯನ್ನು ಚೆನ್ನಾಗಿ ಭೇದಿಸುತ್ತದೆ. ಅದೂ ಸಾಲದೆಹೋದರೆ ರೌಟರಿನಿಂದ ಸ್ಟೀರಿಯೋವರೆಗೆ ಈಥರ್‌ನೆಟ್ ತಂತಿಯೊಂದನ್ನು ಎಳೆಯುವುದೇ ಉತ್ತಮ. ಆದ್ದರಿಂದ ತಂತಿಯ ದ್ವಾರವುಳ್ಳ ಸಾಧನಕ್ಕೆ ಮೊದಲ ಪ್ರಾಶಸ್ತ್ಯ ಸಲ್ಲಬೇಕು.

ಇಷ್ಟು ತಿಳಿದ ಮೇಲೆ ಆಯ್ಕೆಯು ಸುಲಭವಾಯಿತೆಂದು ತೋರಬಹುದು. ವಾಸ್ತವವಾಗಿ ಕಠಿಣವಾದ ಪ್ರಶ್ನೆಯು ಇಲ್ಲಿಂದ ಮೊದಲಾಗುತ್ತದೆ. ಆಂಪ್ಲಿಫೈಯರು ಕೆಟ್ಟರೆ ಒಳಗಿನ ಕೆಪ್ಯಾಸಿಟರೊಂದನ್ನು ಬದಲಿಸಿ ಬೆಸುಗೆ ಹಾಕುವವರು ತಾಲ್ಲೂಕು ಊರುಗಳಲ್ಲಿಯೂ ದೊರೆತಾರು. ಸ್ಟ್ರೀಮರಿನ ಜೀವವು ಅದರೊಳಗೇ ಇಲ್ಲ. ಅದು ದೂರದೇಶದ ಒಂದು ಸಂಸ್ಥೆಯ ಗಣಕಯಂತ್ರದಲ್ಲಿದೆ. ಅಲ್ಲಿ ದೀಪವಾರಿದರೆ ಇಲ್ಲಿ ನಾದವಡಗುತ್ತದೆ. ಇದು ಅತಿಶಯೋಕ್ತಿಯಲ್ಲವೆಂಬುದನ್ನು ಕಳೆದ ಕೆಲವು ವರ್ಷಗಳ ಇತಿಹಾಸವೇ ಹೇಳುತ್ತದೆ.

ಗೂಗಲ್ ಸಂಸ್ಥೆಯು 2015ರಲ್ಲಿ ಕ್ರೋಮ್‌ಕಾಸ್ಟ್ ಆಡಿಯೋ ಎಂಬ ಬಿಲ್ಲೆಯಾಕಾರದ ಸಾಧನವನ್ನು ಹೊರತಂದಿತು. ಹಳೆಯ ಸ್ಟೀರಿಯೋಗಳಿಗೆಂದೇ ಹುಟ್ಟಿದ ಅದರ ಬೆಲೆ ಅಮೆರಿಕದಲ್ಲಿ 35 ಡಾಲರು. ಅದರಷ್ಟು ಅಗ್ಗವೂ ಉಪಯುಕ್ತವೂ ಆದ ಸೇತುವೆಯು ಹಿಂದೆ ಇದ್ದಿಲ್ಲವೆಂದು ಬಲ್ಲವರು ಮೆಚ್ಚಿಕೊಂಡರು. ನಾಲ್ಕು ವರ್ಷ ತುಂಬುವ ಮೊದಲೇ, 2019ರ ಜನವರಿಯಲ್ಲಿ, ಅದರ ತಯಾರಿಕೆಯು ನಿಂತಿತು. ಕೊಂಡವರ ಮನೆಯಲ್ಲಿ ಮಾತ್ರ ಅದು ಹಾಡುತ್ತಲೇ ಇತ್ತು. 2025ರ ಮಾರ್ಚ್ 9ರಂದು ಜಗತ್ತಿನಾದ್ಯಂತ ಅಂಥ ಬಿಲ್ಲೆಗಳು ಒಮ್ಮೆಗೇ ಮೂಕವಾದವು. ಯಾವ ತಂತಿಯೂ ಕಡಿದಿರಲಿಲ್ಲ, ಯಾವ ಭಾಗವೂ ಸುಟ್ಟಿರಲಿಲ್ಲ. ಸಾಧನವು ಅಸಲಿಯೆಂದು ಸಾರುವ ಅಂಕೀಯ ಪ್ರಮಾಣಪತ್ರವೊಂದಕ್ಕೆ ಹತ್ತು ವರ್ಷದ ಅವಧಿಯನ್ನು ಬರೆದಿದ್ದರು; ಆ ಅವಧಿಯು ಅಂದು ಮುಗಿದಿತ್ತು, ನವೀಕರಿಸುವುದು ಯಾರಿಗೂ ನೆನಪಾಗಿರಲಿಲ್ಲ. ಕೆಲವು ದಿನಗಳ ಬಳಿಕ ಸಂಸ್ಥೆಯು ದೋಷವನ್ನು ಸರಿಪಡಿಸಿತೆಂಬುದು ನಿಜ. ಸರಿಪಡಿಸುವ ಮನಸ್ಸು ಇಲ್ಲದಿದ್ದ ಪಕ್ಷದಲ್ಲಿ ಕೊಂಡವರು ಮಾಡಬಹುದಾದದ್ದು ಏನೂ ಇರಲಿಲ್ಲ.

ಸೋನೋಸ್ ಎಂಬ ಅಮೆರಿಕದ ಸಂಸ್ಥೆಯು ಈ ಕ್ಷೇತ್ರದಲ್ಲಿ ಹಿರಿದು. ಅದರ ಮೊದಲ ಸಾಧನವು ಬಂದುದು 2005ರಲ್ಲಿ. ತನ್ನ ಹಳೆಯ ಸಾಧನಗಳಿಗೆ ಆ ವರ್ಷದ ಮೇ ತಿಂಗಳಿನಿಂದ ಹೊಸ ತಂತ್ರಾಂಶವನ್ನು ಕೊಡುವುದಿಲ್ಲವೆಂದು 2020ರ ಜನವರಿಯಲ್ಲಿ ಅದು ಸಾರಿದಾಗ ಸಾವಿರಾರು ಡಾಲರು ತೆತ್ತವರು ಸಿಟ್ಟಿಗೆದ್ದರು. ಕಡೆಗೆ ಹಳತಕ್ಕೊಂದು ಹೊಸತಕ್ಕೊಂದು ಎಂದು ಎರಡು ಪ್ರತ್ಯೇಕ ಆ್ಯಪುಗಳು ಬಂದವು. 2024ರ ಮೇ ತಿಂಗಳಲ್ಲಿ ಅದೇ ಸಂಸ್ಥೆಯು ಆ್ಯಪನ್ನು ಪೂರ್ತಿಯಾಗಿ ಹೊಸದಾಗಿ ಬರೆಯಿಸಿತು. ಮುಂಜಾನೆ ಎಬ್ಬಿಸುವ ಅಲಾರಮು, ರಾತ್ರಿ ತಾನಾಗಿ ಆರುವ ಟೈಮರು ಮುಂತಾದ ಹಲವು ಅನುಕೂಲಗಳು ಅದರಲ್ಲಿ ಕಾಣೆಯಾಗಿದ್ದವು. ಆ ಗದ್ದಲವು ತಣಿಯದೆ 2025ರ ಜನವರಿಯಲ್ಲಿ ಸಂಸ್ಥೆಯ ಮುಖ್ಯಾಧಿಕಾರಿಯೇ ಸ್ಥಾನವನ್ನು ಬಿಡಬೇಕಾಯಿತು. ಪೆಟ್ಟಿಗೆಯು ಅದೇ, ತಂತಿಯು ಅದೇ, ಸ್ಪೀಕರು ಅದೇ. ಆ್ಯಪು ಬದಲಾದದ್ದರಿಂದ ಸಾಧನವೇ ಬೇರೆಯಾದಂತಾಯಿತು.

ಇದಕ್ಕೆ ವಿರುದ್ಧವಾದ ಇನ್ನೊಂದು ಕತೆಯುಂಟು. ಸ್ಲಿಮ್ ಡಿವೈಸಸ್ ಎಂಬ ಚಿಕ್ಕ ಸಂಸ್ಥೆಯು ಈ ಶತಮಾನದ ಆದಿಯಲ್ಲಿ ಸ್ಕ್ವೀಜ್‌ಬಾಕ್ಸ್ ಎಂಬ ಪೆಟ್ಟಿಗೆಗಳನ್ನು ಮಾಡುತ್ತಿತ್ತು. 2006ರಲ್ಲಿ ಲಾಜಿಟೆಕ್ ಅದನ್ನು ಕೊಂಡಿತು. 2012ರಲ್ಲಿ ಪೆಟ್ಟಿಗೆಗಳ ತಯಾರಿಕೆಯನ್ನು ನಿಲ್ಲಿಸಿತು. 2024ರಲ್ಲಿ ಅವುಗಳಿಗೆ ಮೀಸಲಾಗಿದ್ದ ಅಂತರಜಾಲ ಸೇವೆಯನ್ನೂ ಮುಚ್ಚಿತು. ಆ ಪೆಟ್ಟಿಗೆಗಳು ಸತ್ತವೇ? ಇಲ್ಲ. ಮನೆಯ ಗಣಕಯಂತ್ರದಲ್ಲಿ ಕುಳಿತು ಅವುಗಳಿಗೆ ಹಾಡು ಬಡಿಸುವ ತಂತ್ರಾಂಶದ ಮೂಲಪಾಠವು ಮೊದಲಿನಿಂದಲೂ ಎಲ್ಲರಿಗೂ ತೆರೆದಿತ್ತು. ಬಳಸುವವರೇ ಅದನ್ನು ತಿದ್ದಿ ಬೆಳೆಸುತ್ತ ಬಂದರು; ಲಿರಿಯಾನ್ ಮ್ಯೂಸಿಕ್ ಸರ್ವರ್ ಎಂಬ ಹೊಸ ಹೆಸರಿನಲ್ಲಿ ಅದು ಈಗಲೂ ನಡೆಯುತ್ತಿದೆ. ಬರೆದವನು ಅಳಿದರೂ ಪಾಠವು ಹಲವರ ಕೈಯಲ್ಲಿ ಪ್ರತಿಯಾಗಿ ಉಳಿದ ಗ್ರಂಥಗಳ ಚರಿತ್ರೆಯನ್ನು ಬಲ್ಲವರಿಗೆ ಇದು ಆಶ್ಚರ್ಯವನ್ನು ಉಂಟುಮಾಡದು.

ಸಾಧನದಂತೆ ಸೇವೆಯೂ ಅಶಾಶ್ವತವೇ. ಏರ್‌ಟೆಲ್ ಸಂಸ್ಥೆಯ ವಿಂಕ್ ಮ್ಯೂಸಿಕ್ ಭಾರತದಲ್ಲಿ 2014ರಲ್ಲಿ ಆರಂಭವಾಗಿ, ಅದನ್ನು ಮುಚ್ಚುವ ನಿರ್ಧಾರವು 2024ರಲ್ಲಿ ಪ್ರಕಟವಾಯಿತು. ಸ್ಪಾಟಿಫೈ 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ, ಹಳೆಯ ಗ್ರಾಮಫೋನ್ ಕಂಪನಿಯ ಉತ್ತರಾಧಿಕಾರಿಯಾದ ಸರೆಗಮದ ಧ್ವನಿಮುದ್ರಿಕೆಗಳ ವಿಷಯದಲ್ಲಿ ವ್ಯಾಜ್ಯವೆದ್ದು ಆ ಹಾಡುಗಳನ್ನು ತೆಗೆಯಬೇಕಾಯಿತು. 2020ರ ಜೂನಿನಲ್ಲಿ ಒಪ್ಪಂದವಾದ ಬಳಿಕ ಅವು ಮರಳಿದವು. 2023ರ ಮಾರ್ಚಿನಲ್ಲಿ ಝೀ ಮ್ಯೂಸಿಕ್ಕಿನ ಹಾಡುಗಳೂ ಅದೇ ರೀತಿ ಅಲ್ಲಿಂದ ಮಾಯವಾದವು. ತಿಂಗಳ ಚಂದಾ ತೆತ್ತು ಕೇಳುವ ಹಾಡು ಬಾಡಿಗೆ ಮನೆಯಿದ್ದಂತೆ. ಒಡೆಯರ ನಡುವಿನ ಜಗಳಕ್ಕೆ ಬಾಡಿಗೆದಾರನು ಮೂಟೆ ಕಟ್ಟಬೇಕಾಗುತ್ತದೆ. ಆದಕಾರಣ ಒಂದೇ ಸೇವೆಗೆ ಕೊರಳು ಕಟ್ಟಿದ ಸಾಧನವನ್ನು ಕೊಳ್ಳಬಾರದು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ವೈ-ಫೈ ಇರುವ ಸಾಮಾನ್ಯ ಗೃಹಸ್ಥರಿಗೆ, ಹಲವು ಮಾರ್ಗಗಳನ್ನು ಒಟ್ಟಿಗೆ ಬಲ್ಲ ಪುಟ್ಟ ಸ್ಟ್ರೀಮರು ಸಾಕು. ಉದಾಹರಣೆಗೆ 2022ರಲ್ಲಿ ಬಂದ ವಿಮ್ ಪ್ರೊ ಎಂಬುದರಲ್ಲಿ ಬ್ಲೂಟೂತ್, ಏರ್‌ಪ್ಲೇ, ಗೂಗಲ್ ಕಾಸ್ಟ್, ಸ್ಪಾಟಿಫೈ ಕನೆಕ್ಟ್ ನಾಲ್ಕೂ ಇವೆ, ಈಥರ್‌ನೆಟ್ ದ್ವಾರವಿದೆ, ಮನೆಯ ಗಣಕಯಂತ್ರದಲ್ಲಿರುವ ಹಾಡುಗಳನ್ನು ಡಿ.ಎಲ್.ಎನ್.ಎ. ಎಂಬ ಸಾರ್ವಜನಿಕ ಕ್ರಮದಿಂದ ಪಡೆಯುವ ಶಕ್ತಿಯೂ ಇದೆ. ಒಂದು ದಾರಿ ಮುಚ್ಚಿದರೆ ಇನ್ನೊಂದು ಉಳಿದೀತು. ಅದೇ ಹೆಸರಿನದೇ ಆಗಬೇಕೆಂದಿಲ್ಲ; ಈ ಗುಣಗಳು ಮುಖ್ಯ. ಸ್ಟ್ರೀಮರನ್ನು ಒಳಗೇ ಅಡಗಿಸಿಕೊಂಡ ಹೊಸ ಆಂಪ್ಲಿಫೈಯರನ್ನೋ ಸ್ಪೀಕರನ್ನೋ ಕೊಳ್ಳುವುದು ಮಾತ್ರ ವಿವೇಕವೆನಿಸದು. ಹತ್ತು ವರ್ಷ ಬಾಳುವುದನ್ನು ನಲವತ್ತು ವರ್ಷ ಬಾಳುವುದರೊಡನೆ ಬೇರ್ಪಡಿಸಲಾಗದಂತೆ ಸೇರಿಸಿದರೆ ಮೊದಲನೆಯದರ ಅಂತ್ಯದಲ್ಲಿ ಎರಡನೆಯದೂ ಕೈಬಿಡುತ್ತದೆ. ಸೇತುವೆಯು ಅಗ್ಗವಾಗಿಯೂ ಬೇರೆಯಾಗಿಯೂ ಇದ್ದರೆ, ಕುಸಿದ ದಿನ ಅದನ್ನಷ್ಟೇ ಬದಲಿಸಬಹುದು.

ಕೈಕೆಲಸದಲ್ಲಿ ಆಸಕ್ತಿಯುಳ್ಳವರಿಗೆ, ವಿಶೇಷವಾಗಿ ವಿಜ್ಞಾನದ ಉಪಾಧ್ಯಾಯರಿಗೆ, ರಾಸ್ಪ್‌ಬೆರಿ ಪೈ ಎಂಬ ಚೀಟಿಯಗಲದ ಗಣಕವು ಮತ್ತೊಂದು ಮಾರ್ಗ. ಶಾಲಾಮಕ್ಕಳಿಗೆ ಗಣಕವಿದ್ಯೆಯನ್ನು ಕಲಿಸಲೆಂದು ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ರೂಪುಗೊಂಡು 2012ರಲ್ಲಿ ಹೊರಬಂದ ಈ ಹಲಗೆಯ ಮೇಲೆ ಡ್ಯಾಕಿನ ಸಣ್ಣ ಹಲಗೆಯೊಂದನ್ನು ಕೂರಿಸಿ, ವೊಲ್ಯೂಮಿಯೋ, ಮೂಡ್, ಪೈಕೋರ್‌ಪ್ಲೇಯರ್ ಮುಂತಾದ ತಂತ್ರಾಂಶಗಳಲ್ಲಿ ಒಂದನ್ನು ತುಂಬಿದರೆ ಪೂರ್ಣಪ್ರಮಾಣದ ಸ್ಟ್ರೀಮರು ಸಿದ್ಧವಾಗುತ್ತದೆ. ಯಾವ ಸಂಸ್ಥೆಯ ಮರ್ಜಿಯೂ ಇದರ ಉಸಿರನ್ನು ನಿಲ್ಲಿಸಲಾರದು. ಒಂದೇ ದೋಷ: ವಿದ್ಯುತ್ತು ಹಠಾತ್ತನೆ ಹೋದಾಗ ಅದರ ಸ್ಮೃತಿಚೀಟಿಯ ಬರೆಹವು ಕೆಡುವ ಸಂಭವವುಂಟು. ಕರೆಂಟು ಹೇಳದೆ ಹೋಗುವ ಊರುಗಳಲ್ಲಿ ಇದನ್ನೂ ರೌಟರನ್ನೂ ಯು.ಪಿ.ಎಸ್. ಮೇಲೆ ಇಡುವುದು ಕ್ಷೇಮ. ಅದೇ ಚೀಟಿಯ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳುವುದು ಇನ್ನೂ ಕ್ಷೇಮ.

ಆಯ್ಕೆಯಲ್ಲಿ ಮನುಷ್ಯರ ಪಾಲನ್ನು ಮರೆತು ಮೋಸಹೋಗುವವರೇ ಹೆಚ್ಚು. ನಿವೃತ್ತ ಉಪಾಧ್ಯಾಯರೊಬ್ಬರ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಹೊರದೇಶದಲ್ಲಿರುವ ಮಗನು ರಜೆಗೆ ಬರುವಾಗ ದುಬಾರಿ ಸ್ಟ್ರೀಮರೊಂದನ್ನು ತಂದು, ತನ್ನ ಫೋನಿನಿಂದ ಎಲ್ಲವನ್ನೂ ಹೊಂದಿಸಿ, ಮೂರು ವಾರ ತಂದೆಗೆ ಬೇಕಾದುದನ್ನೆಲ್ಲ ಕೇಳಿಸುತ್ತಾನೆ. ವಿಮಾನವೇರುವಾಗ ಅವನ ಫೋನೂ ಅವನೊಡನೆ ಹೋಗುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ರೌಟರಿನ ಗುಪ್ತಪದವು ಬದಲಾಗುತ್ತದೆ. ಆ್ಯಪು ಹೊಸ ಲಾಗಿನ್ನನ್ನು ಬೇಡುತ್ತದೆ. ಅದಕ್ಕೆ ಬೇಕಾದ ಸಂಖ್ಯೆಯು ಮಗನ ಫೋನಿಗೆ, ಅಲ್ಲಿ ನಡುರಾತ್ರಿಯಲ್ಲಿ, ಬರುತ್ತದೆ. ಮಗನನ್ನು ಎಬ್ಬಿಸಲು ತಂದೆಗೆ ಮನಸ್ಸಾಗದು. ಕೆಟ್ಟುಹೋಗಿದೆಯೆಂದು ಹೇಳಲೂ ಸಂಕೋಚ. ಕೊಟ್ಟದ್ದನ್ನು ಕೆಡಿಸಿದನೆಂದು ತಿಳಿದಾನೆಂಬ ಅಳುಕು. ಚೆನ್ನಾಗಿ ಕೇಳಿಸುತ್ತಿದೆಯಪ್ಪಾ ಎಂದು ಫೋನಿನಲ್ಲಿ ಹೇಳುತ್ತ, ಆ ಹಿರಿಯರು ಮೌನವಾಗಿರುವ ಪೆಟ್ಟಿಗೆಯ ಮೇಲೆ ಕೈವಸ್ತ್ರವನ್ನು ಮುಚ್ಚುತ್ತಾರೆ. ಇಂಥ ಪೆಟ್ಟಿಗೆಗಳು ಎಷ್ಟು ಮನೆಗಳಲ್ಲಿವೆಯೋ!

ಹಿರಿಯರಿರುವ ಮನೆಗೆ ಫೋನಿನ ಹಂಗಿಲ್ಲದೆ ನಡೆಯುವ ಸಾಧನವೇ ಬೇಕು. ಗುಂಡಿಗಳುಳ್ಳ ರಿಮೋಟು ಇರಬೇಕು. ಒಂದನೆಯ ಗುಂಡಿಗೆ ಆಕಾಶವಾಣಿ, ಎರಡನೆಯದಕ್ಕೆ ಮನೆಯ ಸಂಗ್ರಹ ಎಂದು ಮೊದಲೇ ಹೊಂದಿಸಿಡುವ ಸೌಕರ್ಯವಿರಬೇಕು. 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ ಆಕಾಶವಾಣಿಯ ರಾಗಂ ವಾಹಿನಿಯು ಶಾಸ್ತ್ರೀಯ ಸಂಗೀತಕ್ಕೇ ಮೀಸಲಾದುದು. ಅಂತರಜಾಲದಲ್ಲಿ ಅದಕ್ಕೆ ಚಂದಾ ಇಲ್ಲ. ರೇಡಿಯೋದ ಕಿವಿಯನ್ನು ತಿರುವುತ್ತ ಬೆಳೆದವರಿಗೆ ಇಂಥದೊಂದು ಗುಂಡಿಯು ಲಕ್ಷ ಹಾಡುಗಳ ಪಟ್ಟಿಗಿಂತ ಆಪ್ತವಾಗುತ್ತದೆ. ಸ್ಟ್ರೀಮರಿನ ಧ್ವನಿಮಟ್ಟವನ್ನು ಒಂದೇ ಕಡೆ ಸ್ಥಿರಗೊಳಿಸಿ, ಏರಿಳಿತವನ್ನು ಆಂಪ್ಲಿಫೈಯರಿನ ಹಳೆಯ ಗುಂಡಿಯಿಂದಲೇ ಮಾಡುವಂತೆ ಬಿಡುವುದೂ ಒಳ್ಳೆಯದು. ಕೈಗೆ ಅಭ್ಯಾಸವಾದ ಗುಂಡಿ ಅದು.

ಮನೆಯ ಸಂಗ್ರಹವೆಂದು ಮೇಲೆ ಹೇಳಿತಷ್ಟೆ. ಯಾವ ಸೇವೆಯಲ್ಲಿಯೂ ದೊರೆಯದ ಧ್ವನಿಗಳು ಪ್ರತಿಯೊಂದು ಮನೆಯ ಕ್ಯಾಸೆಟ್ಟುಗಳಲ್ಲಿವೆ: ಊರಿನ ಭಜನಾಮಂಡಳಿ, ಮದುವೆಯ ಸೋಬಾನೆ, ಶಾಲೆಯ ವಾರ್ಷಿಕೋತ್ಸವದ ಪ್ರಾರ್ಥನೆ, ಈಗಿಲ್ಲದ ಅಜ್ಜಿಯ ಬೀಸುವ ಪದ. ಟೇಪಿನ ಮೇಲಿನ ಕಾಂತಲೇಪವು ವರ್ಷದಿಂದ ವರ್ಷಕ್ಕೆ ಸೊರಗುತ್ತಿದೆ, ಬೂಷ್ಟು ಹಿಡಿಯುತ್ತಿದೆ. ಟೇಪ್ ಡೆಕ್ಕಿನ ಲೈನ್ ಔಟಿನಿಂದ ಗಣಕಯಂತ್ರಕ್ಕೆ ತಂತಿಯನ್ನು ಸೇರಿಸಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಮುದ್ರಿಸಿಕೊಂಡು, ಫ್ಲ್ಯಾಕ್ ರೂಪದಲ್ಲಿ ಉಳಿಸಬೇಕು. ಅರುವತ್ತು ನಿಮಿಷದ ಕ್ಯಾಸೆಟ್ಟಿಗೆ ಅರುವತ್ತು ನಿಮಿಷವೇ ಬೇಕು. ಇಲ್ಲಿ ಅವಸರವು ನಡೆಯದು. ಹೀಗೆ ಮಾಡಿದ ಸಂಗ್ರಹದ ಎರಡು ಪ್ರತಿಗಳನ್ನು ಎರಡು ಬೇರೆ ಮನೆಗಳಲ್ಲಿ ಇಡುವುದು ಮೇಲು. ಮನೆಯ ಸಂಗ್ರಹವನ್ನು ಓದಬಲ್ಲದೇ ಎಂಬುದು ಅಂಗಡಿಯವನನ್ನು ಕೇಳಬೇಕಾದ ಮೊದಲ ಪ್ರಶ್ನೆ. ಅಂತರಜಾಲವು ಕಡಿದ ದಿನವೂ ಅಜ್ಜಿಯ ಪದವು ಕೇಳಿಸಬೇಕು.

ಒಂದು ಸಣ್ಣ ವಿಷಯ ಉಳಿಯಿತು. ಕಛೇರಿಯ ಧ್ವನಿಮುದ್ರಿಕೆಗಳಲ್ಲಿ ಆಲಾಪವು ಮುಗಿದು ಬಂದಿಶಿಗೆ ಇಳಿಯುವಲ್ಲಿ ಕಡತವು ಬದಲಾದರೂ ನಾದವು ಬದಲಾಗದು. ಕೆಲವು ಸಾಧನಗಳು ಅಲ್ಲಿ ಅರೆಕ್ಷಣ ನಿಂತು ಮುಂದಕ್ಕೆ ಹೋಗುತ್ತವೆ. ತಂಬೂರಿಯು ತಟಕ್ಕನೆ ಕಡಿದು ಮತ್ತೆ ಹುಟ್ಟುತ್ತದೆ. ಇಂಥ ಮುದ್ರಿಕೆಯೊಂದನ್ನು ಪೆನ್‌ಡ್ರೈವಿನಲ್ಲೋ ಫೋನಿನಲ್ಲೋ ಅಂಗಡಿಗೆ ಒಯ್ದು, ಆ ಸಂಧಿಸ್ಥಾನವನ್ನು ಕೇಳಿಯೇ ಹಣ ಕೊಡಬೇಕು.

ಸಾಧನವನ್ನು ಹೊಂದಿಸಿದ ದಿನವೇ, ಹೊಂದಿಸಿದವರು ಊರು ಬಿಡುವ ಮುನ್ನ, ಒಂದು ಹಾಳೆಯಲ್ಲಿ ದಪ್ಪ ಅಕ್ಷರಗಳಿಂದ ಬರೆದಿಡಬೇಕಾದವು ಇಷ್ಟು: ರೌಟರಿನ ಹೆಸರು ಮತ್ತು ಗುಪ್ತಪದ, ಆ್ಯಪಿನ ಖಾತೆ ಯಾರ ಹೆಸರಿನಲ್ಲಿದೆಯೆಂಬುದು, ಯಾವ ಗುಂಡಿಗೆ ಯಾವ ವಾಹಿನಿಯೆಂಬುದು, ನಿಂತುಹೋದರೆ ಮೊದಲು ಯಾವ ಪ್ಲಗ್ಗನ್ನು ಕಿತ್ತು ಎಷ್ಟು ಹೊತ್ತಿನ ಮೇಲೆ ಮತ್ತೆ ಹಾಕಬೇಕೆಂಬುದು. ಖಾತೆಯನ್ನು ಮನೆಯಲ್ಲಿರುವವರ ಫೋನಿನ ಸಂಖ್ಯೆಗೇ ತೆರೆಯಬೇಕು. ಆ ಹಾಳೆಯನ್ನು ಮಡಿಸಿ ಆಂಪ್ಲಿಫೈಯರಿನ ಕೆಳಗೆ ಇಟ್ಟರೆ ಹುಡುಕುವ ಶ್ರಮವಿಲ್ಲ.